ಎರಡನೆಯ ನಡೆ

ಎಣ್ಣೆ ಕೈಯಲ್ಲಿ ಚೆಸ್ ಕಾಯಿ ಮುಟ್ಟುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಬಳಗದಲ್ಲಿ ಅಂಥವರೇ ಹೆಚ್ಚು. ಗೋಳಿಬಜೆ ತಿನ್ನುವುದು, ಬೆರಳು ನೆಕ್ಕುವುದು, ಅದೇ ಬೆರಳಿನಿಂದ ಕುದುರೆ ಎತ್ತುವುದು. ಥೂ! ಇಪ್ಪತ್ತೆರಡು ವರ್ಷದಿಂದ ಹೇಳಿ ಹೇಳಿ ನನ್ನ ಬಾಯಿ ಸೋತಿದೆ, ಅವರ ಬೆರಳು ಸೋತಿಲ್ಲ. ಬಿಳಿ ಕಾಯಿಗಳೆಲ್ಲ ಹಳದಿಯಾಗಿವೆ, ಮುಟ್ಟಿದರೆ ಅಂಟುತ್ತವೆ. ಪ್ರತಿ ಭಾನುವಾರ ಆಟಕ್ಕೆ ಮೊದಲು ಅವನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸುತ್ತಿದ್ದವರು ಒಬ್ಬರೇ, ಚನಿಯಣ್ಣ. ಅವರ ಕಥೆಯನ್ನೇ ನಾನು ಹೇಳಹೊರಟಿರುವುದು. ನನ್ನದೂ ಅದರಲ್ಲಿ ಉಂಟು, ಏನು ಮಾಡುವುದು.

ನಾನು ಜಯಲತಾ. ಊರು ಕಾಪುವಿನ ಹತ್ತಿರ, ಮನೆ ಠಾಣೆಯ ಕೋಪರಿಯಲ್ಲಿ. ವಾಗ್ಳೆ ಎಸ್ಟೇಟಿನ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ವಯಸ್ಸು ಐವತ್ತನಾಲ್ಕು. ನಾಲಿಗೆ ಉದ್ದ ಎಂದು ಬಳಗದವರೆಲ್ಲ ಹೇಳುತ್ತಾರೆ, ಸುಳ್ಳಲ್ಲ. ಚನಿಯಣ್ಣ ಅದೇ ಎಸ್ಟೇಟಿನಲ್ಲಿ ಎರಡು ಗಲ್ಲಿ ಆಚೆ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಅಡುಗೆಗೆ ಇದ್ದಾರೆ. ನನಗಿಂತ ಐದು ವರ್ಷಕ್ಕೆ ದೊಡ್ಡವರು. ಹದಿನಾಲ್ಕನೆಯ ವಯಸ್ಸಿಗೆ ಊರು ಬಿಟ್ಟು ಬಂದು ಹೋಟೆಲಿನಲ್ಲಿ ಕಪ್ಪು ತೊಳೆದವರು. ಬಜೆ ಕಟ್ಟಿಕೊಡುವ ಹಳೆಯ ಪೇಪರಿನಲ್ಲಿ ಬರುತ್ತಿದ್ದ ಚೆಸ್ ಚಿತ್ರ ನೋಡಿ ಆಟ ಕಲಿತವರು. ಗುರು ಇಲ್ಲ, ಪುಸ್ತಕ ಇಲ್ಲ.

ನಮ್ಮ ಬಳಗ ಕೂಡುವುದು ಡೊಂಬಿವಲಿ ಪೂರ್ವದ ಒಂದು ಶಾಲೆಯ ಎರಡನೆಯ ಮಹಡಿಯಲ್ಲಿ. ಭಾನುವಾರ ಠಾಣೆಯಿಂದ ನಾವಿಬ್ಬರೂ ಒಂದೇ ಸ್ಲೋ ಲೋಕಲ್ ಹಿಡಿಯುತ್ತಿದ್ದೆವು. ನಾನು ಲೇಡೀಸ್ ಡಬ್ಬಿ ಬಿಟ್ಟು ಜನರಲ್ಲಿಗೇ ಹತ್ತುತ್ತಿದ್ದೆ. ತೊಡೆಯ ಮೇಲೆ ಅಯಸ್ಕಾಂತದ ಸಣ್ಣ ಬೋರ್ಡು ಇಟ್ಟು ಕೂತರೆ ಡೊಂಬಿವಲಿ ಬರುವಷ್ಟರಲ್ಲಿ ಒಂದು ಆಟ ಮುಗಿಯುತ್ತಿತ್ತು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ಬಳಗದಲ್ಲಿ ಉಳಿದವರೆಲ್ಲ ಅವರನ್ನು "ಏ ಚನಿಯ" ಎಂದೇ ಕರೆಯುವುದು. ಅಣ್ಣ ಎನ್ನುವವಳು, ಬಹುವಚನ ಕೊಡುವವಳು ನಾನೊಬ್ಬಳೇ ಎಂದು ನನಗೆ ಒಳಗೊಳಗೇ ಬಹಳ ಹೆಮ್ಮೆಯಿತ್ತು.

ನನ್ನ ಆಟದ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ನನಗೆ ಬಿಳಿ ಬಂದರೆ ಮೊದಲ ನಡೆಗೆ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳುತ್ತೇನೆ. ಎದುರಿನವರೂ ಹಾಗೇ ತಳ್ಳಿದರೆ, ಎರಡನೆಯ ನಡೆಗೆ ಅದರ ಪಕ್ಕದ, ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ, "ತಗೊಳ್ಳಿ, ಹೊಡೀರಿ" ಎಂದು ಪುಕ್ಕಟೆ ಕೊಡುತ್ತೇನೆ. ಪುಸ್ತಕದಲ್ಲಿ ಇದನ್ನು ಕಿಂಗ್ಸ್ ಗ್ಯಾಂಬಿಟ್ ಎನ್ನುತ್ತಾರೆ. ನಮ್ಮಲ್ಲಿ ಇದರ ಹೆಸರು "ಜಯಲತಕ್ಕನ ದಾನ". ನನ್ನ ರಾಜನ ಬಾಗಿಲೂ ತೆರೆದು ಬೀಳುತ್ತದೆ, ಅವರದೂ ಬೀಳುತ್ತದೆ. ಆಮೇಲೆ ಹೊಡೆದಾಟವೇ. ಇಪ್ಪತ್ತೆರಡು ವರ್ಷದಲ್ಲಿ ಎರಡನೆಯ ನಡೆಗೆ ನಾನು ಬೇರೆ ಕಾಯಿ ಮುಟ್ಟಿದವಳಲ್ಲ. ಈ ಆಟದಲ್ಲಿ ಗೆದ್ದಿದ್ದೇನೆ, ಮೂಗು ಒಡೆಯುವ ಹಾಗೆ ಸೋತಿದ್ದೇನೆ, ಆದರೆ ಡ್ರಾ ಮಾಡಿಕೊಂಡ ನೆನಪಿಲ್ಲ.

ಈ ಸಲದ ನಮ್ಮ ಟೂರ್ನಮೆಂಟಿಗೆ ಒಂದು ತೂಕ ಬಂದಿತ್ತು. ಮೊದಲ ಎರಡು ಸ್ಥಾನದವರನ್ನು ಪುಣೆಗೆ ಕಳಿಸುವುದೆಂದು ನಿರ್ಧಾರವಾಗಿತ್ತು. ಅಲ್ಲಿ ಮೂರು ದಿನ ಮಹಾರಾಷ್ಟ್ರದ ಕನ್ನಡ ಸಂಘಗಳ ಪಂದ್ಯ, ಊಟ ವಸತಿ ಅವರದೇ. ಏಳು ಸುತ್ತು, ಭಾನುವಾರಕ್ಕೆ ಎರಡು, ಕೊನೆಯ ಭಾನುವಾರ ಒಂದೇ ಸುತ್ತು ಮತ್ತು ಬಹುಮಾನ. ಆರು ಸುತ್ತು ಮುಗಿದಾಗ ನನಗೆ ಐದು ಅಂಕ, ಶ್ರೀಕಂಠನಿಗೆ ಐದು, ಚನಿಯಣ್ಣನಿಗೆ ನಾಲ್ಕೂವರೆ. ಶ್ರೀಕಂಠ ಮೈಸೂರಿನವನು, ಐರೋಲಿಯ ಐಟಿ ಪಾರ್ಕಿನಲ್ಲಿ ಫೈನಾನ್ಸ್ ಕೆಲಸ. ಇಡೀ ಜಗತ್ತೇ ತನ್ನ ಫೋನಿನಲ್ಲಿದೆ ಎನ್ನುವ ಜಾತಿ.

ಚನಿಯಣ್ಣನ ಆ ಅರ್ಧ ಅಂಕ ಹೋದದ್ದು ಹೇಗೆ ಗೊತ್ತುಂಟಾ? ಮೊದಲ ಸುತ್ತಿನ ದಿನ ಕುರ್ಚಿ ಕಡಿಮೆ ಬಿತ್ತು. ನಮ್ಮ ಕಾರ್ಯದರ್ಶಿ ಸಂಕರ್ಷಣರು "ಏ ಚನಿಯ, ಟೆಂಪೋದಲ್ಲಿ ಹೋಗಿ ಇಪ್ಪತ್ತು ಕುರ್ಚಿ ತಾ" ಎಂದರು. ಚನಿಯಣ್ಣ ಕುರ್ಚಿ ಹೊತ್ತು ಮೇಲೆ ಬರುವಷ್ಟರಲ್ಲಿ ಅವರ ಗಡಿಯಾರದಲ್ಲಿ ನಲವತ್ತು ನಿಮಿಷ ಓಡಿಹೋಗಿತ್ತು. ಸಂಕರ್ಷಣರೇ ಗುಂಡಿ ಒತ್ತಿ ಓಡಿಸಿದ್ದರು, ನಿಯಮ ಅಂದರೆ ನಿಯಮವಂತೆ! ಉಳಿದ ಸಮಯದಲ್ಲಿ ಹೇಗೋ ಡ್ರಾ ಮಾಡಿಕೊಂಡರು. ನಾನಾಗಿದ್ದರೆ ಕುರ್ಚಿ ಎತ್ತಿ ಸಂಕರ್ಷಣರ ತಲೆಯ ಮೇಲೆ ಇಡುತ್ತಿದ್ದೆ. ಇವರು ನಕ್ಕು ಸುಮ್ಮನಾದರು.

ಕೊನೆಯ ಸುತ್ತಿನ ಲೆಕ್ಕ ಸುಲಭ. ನನಗೂ ಶ್ರೀಕಂಠನಿಗೂ ಆಟ, ನನಗೆ ಬಿಳಿ. ಚನಿಯಣ್ಣ ಆಡಬೇಕಾದದ್ದು ಕಲ್ಯಾಣದ ವಿಶ್ರುತನ ಎದುರು. ಅವನು ಬ್ಯಾಂಕಿನವನು, ಆಟ ಸಾಧಾರಣ, ಚನಿಯಣ್ಣ ಗೆಲ್ಲುವುದು ಖಚಿತ. ಗೆದ್ದರೆ ಅವರಿಗೆ ಐದೂವರೆ. ನಮ್ಮಿಬ್ಬರಲ್ಲಿ ಒಬ್ಬರು ಸೋತರೆ, ಸೋತವರು ಐದರಲ್ಲೇ ಉಳಿದು ಚನಿಯಣ್ಣ ಪುಣೆಗೆ. ನಾವಿಬ್ಬರೂ ಡ್ರಾ ಮಾಡಿಕೊಂಡರೆ ಮೂವರಿಗೂ ಐದೂವರೆ. ಆಗ ಯಾರು ಎಂಥವರ ಎದುರು ಆಡಿದ್ದಾರೆ ಎಂದು ನೋಡುತ್ತಾರೆ. ಅದರಲ್ಲಿ ಶ್ರೀಕಂಠ ಮೇಲೆ, ಆಮೇಲೆ ನಾನು, ಚನಿಯಣ್ಣ ಕೆಳಗೆ. ಅಂದರೆ ಡ್ರಾ ಆದರೆ ಅವರು ಹೊರಗೆ.

ಎರಡು ವಾರ ಮೊದಲು ರೈಲಿನಲ್ಲಿ ಅವರು ಕೇಳಿದ್ದರು. "ಅಕ್ಕ, ಪುಣೆಯವರ ಕಾಗದದಲ್ಲಿ ಔಪಚಾರಿಕ ಉಡುಪು ಅಂತ ಬರ್ದಿದ್ದಾರಲ್ಲ. ಶೂ ಹಾಕಲೇಬೇಕಾ?"

"ಹಾಕ್ಬೇಕಾಗ್ತದೋ ಎಂತದೋ" ಎಂದೆ.

ಮರುದಿನವೇ ಕಲ್ಯಾಣಕ್ಕೆ ಹೋಗಿ ಕಪ್ಪು ಶೂ ಕೊಂಡರು. ಐವತ್ತೊಂಬತ್ತು ವರ್ಷಕ್ಕೆ ಮೊದಲನೆಯ ಜೊತೆ. ಕ್ಯಾಂಟೀನಿನಲ್ಲಿ ಮೂರು ದಿನದ ರಜೆಗೂ ಹೇಳಿಟ್ಟರು. "ಸಿಗದಿದ್ರೆ ರಜೆ ಕ್ಯಾನ್ಸಲ್ ಮಾಡಿದ್ರಾಯ್ತು, ಶೂ ಮದುವೆಗಾದ್ರೂ ಆಗ್ತದೆ" ಎಂದು ನಕ್ಕರು. ಯಾರ ಮದುವೆಯೋ ದೇವರಿಗೇ ಗೊತ್ತು.

ಶನಿವಾರ ಸಂಜೆ ಸಂಕರ್ಷಣರು ನನ್ನನ್ನು ಮನೆಗೆ ಕರೆದರು. ಪ್ರತಿ ವರ್ಷ ಪ್ರಮಾಣಪತ್ರ ಬರೆಯುವುದು ನಾನು. ನನ್ನ ಅಕ್ಷರ ಚಂದ, ಅದಕ್ಕೆಂದೇ ಕತ್ತರಿಸಿದ ನಿಬ್ಬಿನ ಪೆನ್ನು ಇಟ್ಟಿದ್ದೇನೆ. ಶನಿವಾರ ಉಳಿದದ್ದನ್ನೆಲ್ಲ ಬರೆದು ಹೆಸರಿನ ಜಾಗ ಖಾಲಿ ಬಿಡುವುದು, ಭಾನುವಾರ ಆಟ ಮುಗಿದ ಮೇಲೆ ಹೆಸರು ತುಂಬುವುದು ನಮ್ಮ ಪದ್ಧತಿ. ಆ ನುಣುಪು ಕಾಗದದಲ್ಲಿ ಶಾಯಿ ಒಣಗಲು ಅರ್ಧ ಗಂಟೆ ಬೇಕು. ಈ ಸಲದ ಮುಖ್ಯ ಅತಿಥಿಗೆ ಸಂಜೆ ಆರು ಹನ್ನೆರಡರ ಲೋಕಲ್ ಹಿಡಿಯಲಿಕ್ಕಿತ್ತಂತೆ.

"ಹೆಸರನ್ನೂ ಇವತ್ತೇ ಬರ್ದುಬಿಡಿ" ಎಂದರು ಸಂಕರ್ಷಣರು. "ಪ್ರಥಮ ಶ್ರೀಕಂಠ ಸರ್, ದ್ವಿತೀಯ ನೀವು. ತೃತೀಯ ಮಾತ್ರ ಖಾಲಿ ಇರ್ಲಿ."

"ನಾಳೆ ಆಟ ಉಂಟಲ್ಲ?"

"ಆಟ ಉಂಟು ಮಾರಾಯ್ತಿ. ಎಂತ ಆಗ್ತದೆ ಅಂತಲೂ ಗೊತ್ತುಂಟು. ಶ್ರೀಕಂಠ ಸರ್ ನಿಮಗೆ ಫೋನ್ ಮಾಡ್ತಾರೆ."

"ಡ್ರಾ ಮಾಡ್ಲಿಕ್ಕಾ? ಮೂವತ್ತು ನಡೆಗಿಂತ ಮೊದ್ಲು ಡ್ರಾ ಕೇಳ್ಬಾರ್ದು ಅಂತ ನಿಯಮ ಮಾಡಿದ್ದು ನೀವೇ ಅಲ್ವಾ?"

"ಕೇಳುವುದು ಎಲ್ಲಿ ಬಂತು? ಒಂದೇ ಸ್ಥಿತಿ ಮೂರು ಸಲ ಬಂದ್ರೆ ತನ್ನಿಂದ ತಾನೇ ಡ್ರಾ. ಅದು ನಿಯಮದಲ್ಲೇ ಉಂಟು." ಆಮೇಲೆ ಧ್ವನಿ ತಗ್ಗಿಸಿದರು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. "ನೀವೇ ಯೋಚನೆ ಮಾಡಿ ಜಯಲತಾ. ಪುಣೆಯವ್ರು ಗಂಡಸರಿಗೆ ಇಬ್ಬರಿಗೊಂದು ರೂಮು ಕೊಡುವುದು. ನೀವು ಹೋದ್ರೆ ನಿಮಗೆ ಬೇರೆ ರೂಮು, ಯಾರಿಗೂ ತೊಂದ್ರೆ ಇಲ್ಲ. ಚನಿಯ ಬಂದ್ರೆ ಶ್ರೀಕಂಠ ಸರ್ ಜೊತೆ ಒಂದೇ ರೂಮು, ಒಂದೇ ಬಾತ್‌ರೂಮು. ನಾನು ಹಾಗೆಲ್ಲ ನೋಡುವವನಲ್ಲ. ಆದ್ರೆ ಅವ್ರಿಗೆ ಮುಜುಗರ ಆಗ್ತದಲ್ವಾ?"

ಜಾತಿ ಎನ್ನುವ ಶಬ್ದ ಬಾಯಿಗೆ ಬರಲಿಲ್ಲ ಅಷ್ಟೇ, ಛೀ ಎಂದು ಬಂತು ನನಗೆ. ಆ ಮನುಷ್ಯ ಒರೆಸಿದ ಕಾಯಿ ಬೇಕು, ಹೊತ್ತ ಕುರ್ಚಿ ಬೇಕು, ತುಂಬಿಸಿಟ್ಟ ನೀರು ಬೇಕು. ಪಕ್ಕದ ಮಂಚದಲ್ಲಿ ಮಲಗಿದರೆ ಮಾತ್ರ ಇವರಿಗೆ ಮುಜುಗರ! "ನಿಮ್ಮ ಬಾಯಿಗೆ ಹುಳ ಬೀಳ್ಲಿಕ್ಕೆ" ಎಂದೆ, ಮುಖದ ಮೇಲೆಯೇ ಅಂದೆ. ಸಂಕರ್ಷಣರು ನಕ್ಕರು. ನನ್ನ ಬೈಗುಳಕ್ಕೆ ಬಳಗದಲ್ಲಿ ಎಲ್ಲರೂ ನಗುತ್ತಾರೆ. ಬೈದ ಮೇಲೆ ನಾನು ಏನೂ ಮಾಡುವವಳಲ್ಲ ಎಂದು ಅವರಿಗೆ ಗೊತ್ತಿತ್ತೋ ಏನೋ.

ಅಷ್ಟರಲ್ಲಿ ಶ್ರೀಕಂಠನ ಫೋನು ಬಂತು. "ಮೇಡಂ, ಹದಿನಾಲ್ಕು ನಡೆ ವಾಟ್ಸಾಪ್ ಮಾಡಿದೀನಿ ನೋಡಿ. ಬರ್ಲಿನ್ ಅಂತ. ದೊಡ್ಡ ದೊಡ್ಡೋರೆಲ್ಲ ಆಡ್ತಾರೆ, ಏನೂ ತಪ್ಪಿಲ್ಲ. ಇಬ್ರ ಮಂತ್ರೀನೂ ಹಿಂದೆ ಮುಂದೆ ಓಡಾಡಿದ್ರೆ ಆಯ್ತು. ನೀವು ಮಾತ್ರ ಆ ಎಫ್ ಫೋರ್, ನಿಮ್ಮ ದಾನ, ಆಡ್ಬೇಡಿ ಪ್ಲೀಸ್."

"ಚನಿಯಣ್ಣನ ಜೊತೆ ಒಂದು ರೂಮಲ್ಲಿ ಮಲಗಿದ್ರೆ ಏನಾಗ್ತದೆ ನಿಮಗೆ?"

"ಅಯ್ಯೋ, ನಂಗೇನ್ ಪ್ರಾಬ್ಲಮ್ ಇಲ್ಲ ಮೇಡಂ! ಅವ್ರಿಗೇ ಕಂಫರ್ಟಬಲ್ ಆಗಲ್ಲ ಅಂತ."

ಹೊಲಸು ಬಾಯಿಗೆ ಸೆಂಟು ಹಾಕಿ ಮಾತಾಡುವುದು ಎಂದರೆ ಇದೇ.

ಆದರೆ ನಾನು ಎದ್ದು ಬರಲಿಲ್ಲ. ಹೇಳಿಬಿಡುತ್ತೇನೆ, ನನಗೂ ಪುಣೆ ಬೇಕಿತ್ತು. ಶ್ರೀಕಂಠನ ಎದುರು ನನ್ನ ದಾನ ಆಡಿದ್ದು ನಾಲ್ಕು ಸಲ, ನಾಲ್ಕರಲ್ಲೂ ಸೋತಿದ್ದೆ. ಆಡಿದರೆ ಐದನೆಯ ಸಲವೂ ಸೋಲುವ ಸಂಭವವೇ ಹೆಚ್ಚು. ಆಗ ಚನಿಯಣ್ಣ ಪುಣೆಗೆ, ನಾನು ಮನೆಗೆ. ಮೂವತ್ತು ವರ್ಷ ದುಡಿದವಳು ನಾನು, ಒಂದು ರಾತ್ರಿಯೂ ನನ್ನದೇ ಎನ್ನುವ ಕೋಣೆಯಲ್ಲಿ ಮಲಗಿದವಳಲ್ಲ. ಬೇರೆ ರೂಮು ಎಂದು ಅವರು ಅಂದಾಗ ನನ್ನ ಕಿವಿ ನೆಟ್ಟಗಾದದ್ದು ನನಗೇ ಗೊತ್ತಾಯಿತು. ಮಗಳು ನಿಶ್ಮಿತಾಳಿಗೆ ಅರ್ಧ ವಿಷಯ ಹೇಳಿ ಫೋನಿನಲ್ಲೇ ಕೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. "ಮಮ್ಮಿ, ಏಕ್ ಬಾರ್ ತೋ ಅಪ್ನಾ ಸೋಚೋ" ಎಂದಳು, ಒಮ್ಮೆಯಾದರೂ ನಿನ್ನದನ್ನು ಯೋಚಿಸು ಅಂತ. ಇನ್ನರ್ಧ ಹೇಳಿದ್ದರೆ ಏನೆನ್ನುತ್ತಿದ್ದಳೋ, ನಾನು ಹೇಳಲಿಲ್ಲ.

ಪೆನ್ನು ತೆಗೆದೆ. ಮೊದಲು ಶ್ರೀಕಂಠ. ಆಮೇಲೆ ನನ್ನ ಹೆಸರು. 'ಲ' ಅಷ್ಟು ಚಂದವಾಗಿ ಯಾವತ್ತೂ ಬಿದ್ದಿರಲಿಲ್ಲ.

ಭಾನುವಾರ ನಾನು ಚನಿಯಣ್ಣನ ಜೊತೆ ರೈಲು ಹತ್ತಲಿಲ್ಲ. "ಮೆಗಾ ಬ್ಲಾಕ್ ಉಂಟಂತೆ, ಬೇಗ ಹೋಗ್ತೇನೆ" ಎಂದು ಸಂದೇಶ ಕಳಿಸಿದೆ. ಹಳಿ ದುರಸ್ತಿಯ ಆ ಬ್ಲಾಕ್ ಇದ್ದದ್ದು ಹಾರ್ಬರ್ ಲೈನಿನಲ್ಲಿ, ನಮ್ಮದರಲ್ಲಲ್ಲ. ಅವರಿಗೂ ಗೊತ್ತಿರಲೇಬೇಕು. "ಆಯ್ತು ಅಕ್ಕ, ನಾನು ಯಾವಾಗ್ಲಿನ ಗಾಡಿಗೆ ಬರ್ತೇನೆ" ಎಂದು ಉತ್ತರ ಬಂತು. ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಕೂತು ಆ ಹದಿನಾಲ್ಕು ನಡೆಗಳನ್ನು ಬಾಯಿಪಾಠ ಮಾಡಿದೆ.

ಅವರು ಬಂದದ್ದು ಕಾಣುವ ಮೊದಲೇ ಕೇಳಿಸಿತು. ಮೆಟ್ಟಿಲ ಮೇಲೆ ಕಿರ್ ಕಿರ್ ಎಂದು ಹೊಸ ಶೂ. ಅಂಗಿಯನ್ನು ಒಳಗೆ ಸೇರಿಸಿ ಬೆಲ್ಟು ಕಟ್ಟಿದ್ದರು. ಬಂದವರೇ ಬಟ್ಟೆ ಒದ್ದೆ ಮಾಡಿ ಮೊದಲ ಬೋರ್ಡಿನ ಕಾಯಿ ಒರೆಸತೊಡಗಿದರು. ಮೊದಲ ಬೋರ್ಡು ನನ್ನದು.

"ಇವತ್ತು ದಾನ ಉಂಟಲ್ಲ ಅಕ್ಕ?"

"ನೋಡುವ."

"ಕೊಡಿ, ಕೊಡಿ. ನಿಮ್ಮ ದಾನದಲ್ಲಿ ಡ್ರಾ ಅಂತ ಆದದ್ದೇ ಇಲ್ಲ. ನೀವು ಗೆದ್ರೂ ನನಗೆ ಪುಣೆ, ಅವ್ರು ಗೆದ್ರೂ ಪುಣೆ. ನೀವೇ ಗೆಲ್ಲಿ, ಇಬ್ರೂ ಒಟ್ಟಿಗೆ ಹೋಗುವ. ಪುಣೆ ತನಕ ರೈಲಲ್ಲಿ ಎಷ್ಟು ಆಟ ಆಗ್ತದೆ ಹೇಳಿ!"

ಬಿಳಿ ಮಂತ್ರಿಯ ಕಿರೀಟದ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಯಾರದೋ ಬಜೆಯ ಚೂರನ್ನು ಉಗುರಿನಿಂದ ತೆಗೆದು, ಒರೆಸಿ, ನನ್ನ ಮುಂದೆ ಇಟ್ಟು ತಮ್ಮ ಬೋರ್ಡಿಗೆ ಹೋದರು. ಅವರದು ಎರಡನೆಯ ಬೋರ್ಡು, ನನ್ನ ಮೇಜಿಗೆ ತಾಗಿಯೇ ಇತ್ತು.

ಶ್ರೀಕಂಠ ಬಂದ. ಬಾಯಲ್ಲಿ ಬಜೆ, ಕೈಯಲ್ಲಿ ಬಜೆ. ಕೈಯನ್ನು ಪ್ಯಾಂಟಿಗೆ ಒರೆಸಿ ನನ್ನ ಕೈ ಕುಲುಕಿದ. ಅಂಗೈ ಅಂಟಂಟಾಯಿತು. ಸಂಕರ್ಷಣರು ಗಂಟೆ ಬಾರಿಸಿದರು.

ರಾಜನ ಮುಂದಿನ ಕಾಲಾಳು, ಎರಡು ಮನೆ. ಅವನದೂ ಎರಡು ಮನೆ.

ನನ್ನ ಕೈ ಅಭ್ಯಾಸಬಲದಿಂದ ಒಂಟೆಯ ಮುಂದಿನ ಕಾಲಾಳಿನ ಕಡೆಗೇ ಹೋಯಿತು. ಶ್ರೀಕಂಠ ಅಗಿಯುವುದನ್ನು ನಿಲ್ಲಿಸಿದ. ಪಕ್ಕದಲ್ಲಿ ಚನಿಯಣ್ಣ ತಮ್ಮ ಬೋರ್ಡು ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು, ಮುಖದಲ್ಲಿ ಆಗಲೇ ನಗು. ನನ್ನ ಕೈ ಕಾಲಾಳನ್ನು ದಾಟಿ ಕುದುರೆಯನ್ನು ಎತ್ತಿತು. ಇಟ್ಟೆ. ಗಡಿಯಾರ ಒತ್ತಿದೆ.

ಚನಿಯಣ್ಣನ ಮುಖ ನೋಡುವ ಧೈರ್ಯ ಆಗಲಿಲ್ಲ. ಅವರ ಶೂ ಮಾತ್ರ ಮೇಜಿನ ಕೆಳಗೆ ಒಮ್ಮೆ ಕಿರ್ ಎಂದಿತು.

ಮುಂದಿನದು ನಾಟಕ. "ನಿಧಾನ ಆಡಿ ಮೇಡಂ, ಯೋಚ್ನೆ ಮಾಡೋ ಥರ" ಎಂದು ಶ್ರೀಕಂಠ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ. ಅವನು ಹಣೆಗೆ ಕೈ ಕೊಡುತ್ತಾನೆ, ಛಾವಣಿ ನೋಡುತ್ತಾನೆ, ನಿಟ್ಟುಸಿರು ಬಿಡುತ್ತಾನೆ. ಎಲ್ಲ ಮೊದಲೇ ಗೊತ್ತಿರುವ ನಡೆಗೆ! ಯಕ್ಷಗಾನದಲ್ಲಿ ಬಣ್ಣದ ವೇಷದವನಿಗಾದರೂ ಬೆವರು ಬರುತ್ತದೆ, ಇವನಿಗೆ ಅದೂ ಇಲ್ಲ. ನಾನೂ ಕಡಿಮೆಯಿರಲಿಲ್ಲ. ಮುಂದಿನ ನಡೆ ವಾಟ್ಸಾಪಿನಲ್ಲಿ ಓದಿಕೊಂಡು ಬಂದವಳು ಎರಡು ಕೈಯಲ್ಲಿ ತಲೆ ಹಿಡಿದು ಕೂತೆ. ಅವನ ಕುದುರೆ ನನ್ನ ಒಂಟೆಯನ್ನು ತಿಂದಿತು. ನನ್ನ ಮಂತ್ರಿ ಅವನ ಕುದುರೆಯನ್ನು ತಿಂದಿತು. ಲೆಕ್ಕ ಸರಿಸಮ. ಹತ್ತನೆಯ ನಡೆ ಮುಗಿದಾಗ ಎರಡು ಮಂತ್ರಿಗಳೂ ನಡುಬೋರ್ಡಿನಲ್ಲಿ ಎದುರುಬದುರು ನಿಂತವು. ಹನ್ನೊಂದಕ್ಕೆ ನಾನು ಮಂತ್ರಿಯನ್ನು ಪಕ್ಕಕ್ಕೆ ತಂದು ಚೆಕ್ ಕೊಟ್ಟೆ, ಅವನು ಮಂತ್ರಿಯನ್ನು ಅಡ್ಡ ಇಟ್ಟ. ಹನ್ನೆರಡಕ್ಕೆ ನಾನು ಹಿಂದೆ ಬಂದೆ, ಅವನೂ ಹಿಂದೆ ಬಂದ. ಅದೇ ಸ್ಥಿತಿ, ಎರಡನೆಯ ಸಲ.

ಅಷ್ಟು ಹೊತ್ತಿಗೆ ಪಕ್ಕದಲ್ಲಿ ವಿಶ್ರುತ ಕೈ ಚಾಚಿದ. "ಮಸ್ತ್ ಖೇಳ್ಲಾತ್ ಕಾಕಾ" ಎಂದು ಆಟವನ್ನು ಮೆಚ್ಚಿ ಸೋಲೊಪ್ಪಿದ. ಚನಿಯಣ್ಣ ತಮ್ಮ ಕೆಲಸ ಮುಗಿಸಿದ್ದರು. ಐದೂವರೆ. ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತರು. ಕಿರ್.

ಹದಿಮೂರನೆಯ ನಡೆ ನನ್ನದು. ಕೈ ಮಂತ್ರಿಯ ಮೇಲೆ ಇಟ್ಟೆ. ಮುಟ್ಟಿದ ಕಾಯಿ ಆಡಲೇಬೇಕು, ಆಡಲಿಕ್ಕೆ ಎರಡು ದಾರಿ ಇತ್ತು. ಎದುರಿಗಿದ್ದ ಅವನ ಮಂತ್ರಿಯನ್ನು ಹೊಡೆದರೆ ಅವನು ತನ್ನ ಒಂಟೆಯಿಂದ ನನ್ನದನ್ನು ಹೊಡೆಯಬೇಕು. ಇಬ್ಬರಿಗೂ ಆರಾರು ಕಾಲಾಳು, ಎರಡೆರಡು ಆನೆ. ನಾಟಕ ಮುಗಿದು ನಿಜವಾದ ಆಟ ಶುರು. ಗೆಲ್ಲುತ್ತಿದ್ದೆನೋ ಸೋಲುತ್ತಿದ್ದೆನೋ, ಹಿಂದೆ ನಿಂತವರಿಗೆ ಎರಡೂ ಒಂದೇ. ಇಲ್ಲವೇ ಪಕ್ಕಕ್ಕೆ ಸರಿದು ಚೆಕ್ ಕೊಟ್ಟರೆ ಆಟ ಅಲ್ಲಿಗೆ ಮುಗಿಯಿತು. ಮಂತ್ರಿಯ ತಲೆ ಸ್ವಚ್ಛವಾಗಿತ್ತು, ಆಟಕ್ಕೆ ಮೊದಲು ಅವರೇ ಒರೆಸಿ ಇಟ್ಟದ್ದು. ಎಷ್ಟು ಹೊತ್ತು ಕೂತೆನೋ ತಿಳಿಯದು. ಆ ಹೊತ್ತಿನಲ್ಲಿ ನಾನು ಯೋಚಿಸಿದ್ದು ಬಿಳಿ ಬೆಡ್‌ಶೀಟಿನ ಬಗ್ಗೆ, ಬೇಕೆಂದಾಗ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲಿನ ಬಗ್ಗೆ. ಈಗ ನೆನೆಸಿಕೊಂಡರೂ ಹೇಸಿಗೆಯಾಗುತ್ತದೆ.

"ಚೆಕ್" ಎಂದೆ.

ಎರಡು ನಿಮಿಷದಲ್ಲಿ ಮುಗಿಯಿತು. ಮೂರನೆಯ ಸಲ ಅದೇ ಸ್ಥಿತಿ. ಸಂಕರ್ಷಣರು ಕನ್ನಡಕ ಏರಿಸಿ ಬೋರ್ಡು ನೋಡಿ, ನಡೆ ಬರೆದ ಹಾಳೆ ನೋಡಿ, "ಓ, ಡ್ರಾ!" ಎಂದು ಆಶ್ಚರ್ಯಪಟ್ಟರು. ಶ್ರೀಕಂಠ ಮತ್ತೆ ಕೈ ಕುಲುಕಿದ.

ಚನಿಯಣ್ಣ ಬೋರ್ಡು ನೋಡುತ್ತಿದ್ದರು. ಸಿಟ್ಟಾಗುತ್ತಾರೆ, ಏನಾದರೂ ಅನ್ನುತ್ತಾರೆ ಎಂದು ಕಾದೆ. ಅಂದಿದ್ದರೆ ನಾನು ತಿರುಗಿ ಏನೋ ಹೇಳಿ ಹಗುರಾಗುತ್ತಿದ್ದೆ. ಅವರು ಬಗ್ಗಿ ಮೆಲ್ಲಗೆ ಕೇಳಿದರು.

"ಹುಷಾರಿಲ್ವಾ ಅಕ್ಕ? ಎರಡನೇ ನಡೆ ನೋಡಿದಾಗಲೇ ಅಂದ್ಕೊಂಡೆ. ಇವತ್ತು ಬೇಗ ಹೋದದ್ದೂ ಅದಕ್ಕೇನಾ?"

"ಹೂಂ, ತಲೆನೋವು" ಎಂದೆ.

"ಹೇಳ್ಬಾರ್ದಾ ಮತ್ತೆ!" ಎಂದು ಹೊರಟೇಬಿಟ್ಟರು. ಶೂ ಕಿರ್ ಕಿರ್ ಎಂದು ಎರಡು ಮಹಡಿ ಇಳಿದು ಹೋದದ್ದು ಕೇಳಿಸಿತು.

ಇತ್ತ ಸಂಕರ್ಷಣರಿಗೆ ಅವಸರ. ಮುಖ್ಯ ಅತಿಥಿ ಬಂದು ಕೂತಿದ್ದರು, ಕ್ಷಣಕ್ಕೊಮ್ಮೆ ವಾಚು ನೋಡುತ್ತಿದ್ದರು. "ಜಯಲತಾ, ತೃತೀಯದ್ದು ಬರೀರಿ ಬೇಗ. ಚನಿಯ ಅಂತ ಬರ್ದ್ರೆ ಸಾಕು."

"ಸಾಕು ಎಂತ ಸಾಕು? ಪೂರ್ತಿ ಹೆಸರು ಬರೀತೇನೆ" ಎಂದು ರೇಗಿದೆ. ಅಷ್ಟಾದರೂ ಮಾಡೋಣ ಎನ್ನುವ ಪೌರುಷ ನನ್ನದು. ಪೆನ್ನು ಶಾಯಿಯಲ್ಲಿ ಅದ್ದಿದೆ, 'ಚನಿಯ' ಎಂದು ಬರೆದೆ, ಅಲ್ಲಿಗೆ ನಿಂತೆ. ಮುಂದೆ? ಅಪ್ಪನ ಹೆಸರು ಏನು? ಮನೆತನದ ಹೆಸರು ಏನು? ಇಪ್ಪತ್ತೆರಡು ವರ್ಷ ತೊಡೆಗೆ ತೊಡೆ ತಾಗಿಸಿ ರೈಲಿನಲ್ಲಿ ಕೂತವಳು ನಾನು. ಅವರ ಒಂಟೆ ಯಾವಾಗ ಎಲ್ಲಿಗೆ ಬರುತ್ತದೆ ಎಂದು ಗೊತ್ತಿತ್ತು. ಊರಿನಲ್ಲಿ ಯಾರಿದ್ದಾರೆ, ಮದುವೆಯಾಗಿತ್ತೇ, ಆ ಶೂ ಯಾರ ಮದುವೆಗೆ, ಒಂದೂ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ. ಅಣ್ಣ ಎಂದರೆ ಆಯಿತು ಎಂದುಕೊಂಡಿದ್ದೆ. ಸಂಕರ್ಷಣರು "ಸಾಕು" ಎಂದು ಬಾಯಿಬಿಟ್ಟು ಹೇಳಿದರು, ನಾನು ಹೇಳದೆ ಇಟ್ಟುಕೊಂಡಿದ್ದೆ, ವ್ಯತ್ಯಾಸ ಅಷ್ಟೇ.

ಚನಿಯಣ್ಣ ಏದುಸಿರು ಬಿಡುತ್ತಾ ಬಂದರು. ಒಂದು ಕೈಯಲ್ಲಿ ಮಾತ್ರೆಯ ಪಟ್ಟಿ, ಇನ್ನೊಂದರಲ್ಲಿ ನೀರಿನ ಲೋಟ.

"ಸ್ಟೇಷನ್ ಹತ್ರದ ಮೆಡಿಕಲ್ ಮಾತ್ರ ತೆರ್ದಿತ್ತು. ತಗೊಳ್ಳಿ."

"ಆಮೇಲೆ ತಗೊಳ್ತೇನೆ."

"ಆಮೇಲೆ ಎಂತಕೆ? ಈಗ ನುಂಗಿ."

ಲೋಟ ಹಿಡಿದು ಎದುರಿಗೇ ನಿಂತರು. ಇಲ್ಲದ ತಲೆನೋವಿಗೆ ನಾನು ಮಾತ್ರೆ ನುಂಗಿದೆ. ಗಂಟಲಲ್ಲಿ ಕಹಿ ನಿಂತಿತು.

"ಚನಿಯಣ್ಣ, ನಿಮ್ಮ ಪೂರ್ತಿ ಹೆಸರು ಎಂತ?"

ಅವರು ನನ್ನನ್ನೊಮ್ಮೆ ನೋಡಿದರು. "ಅಂಗಾರ ನನ್ನಪ್ಪ. ಚನಿಯ ಅಂಗಾರ ಅಂತ ಬರೀರಿ."

ಬರೆದೆ. ಅವರು ಬಗ್ಗಿ ನೋಡಿದರು. "ಎಷ್ಟು ಚಂದ ಅಕ್ಷರ ಅಕ್ಕ! ನನ್ನ ಹೆಸರು ಇಷ್ಟು ದೊಡ್ಡದಾಗಿ ಎಲ್ಲಿಯೂ ಬರ್ದದ್ದಿಲ್ಲ" ಎಂದು ಬೆರಳು ತಾಗಿಸಿದರು. ಹಸಿ ಶಾಯಿ, ಅಂಗಾರದ ಕೊನೆಯ ಅಕ್ಷರ ಕದಡಿ ಬೆರಳಿಗೆ ಮೆತ್ತಿತು. "ಅಯ್ಯೋ, ಹಾಳು ಮಾಡ್ದೆ" ಎಂದು ಕೈ ಹಿಂದೆಗೆದರು. ಪಕ್ಕದಲ್ಲಿ ಇನ್ನೆರಡು ಪ್ರಮಾಣಪತ್ರಗಳಿದ್ದವು. ಅವರ ಕಣ್ಣು ಅವುಗಳ ಮೇಲೆ ಹೋಯಿತು. ಶುದ್ಧವಾಗಿದ್ದ ಇನ್ನೊಂದು ಬೆರಳನ್ನು ನನ್ನ ಹೆಸರಿನ ಮೇಲೆ ಮೆಲ್ಲಗೆ ಇಟ್ಟರು. ಎತ್ತಿ ನೋಡಿದರು. ಏನೂ ಅಂಟಿರಲಿಲ್ಲ. ಶ್ರೀಕಂಠನ ಹೆಸರಿನ ಮೇಲೂ ಇಟ್ಟು ನೋಡಿದರು.

"ಆಟ ಮುಗ್ದು ಹತ್ತು ನಿಮಿಷ ಆಗ್ಲಿಲ್ಲ. ಇದು ಯಾವಾಗ ಬರ್ದದ್ದು ಅಕ್ಕ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಬಾಯಲ್ಲಿನ ಕಹಿ ಅದನ್ನು ತಡೆಯಿತೋ ಏನೋ.

"ನಿನ್ನೆ" ಎಂದೆ.

ಅವರು ಜೇಬಿನಿಂದ ಕಾಯಿ ಒರೆಸುವ ಒದ್ದೆ ಬಟ್ಟೆ ತೆಗೆದು ಬೆರಳಿನ ಶಾಯಿಯನ್ನು ತಿಕ್ಕಿ ತಿಕ್ಕಿ ಒರೆಸಿಕೊಂಡರು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಬೋರ್ಡಿನ ಪಕ್ಕ ಇಟ್ಟರು. ಆಮೇಲೆ ಮಾತ್ರೆಯ ಪಟ್ಟಿಯನ್ನು ತೆಗೆದು ನನ್ನ ಪ್ರಮಾಣಪತ್ರದ ಮೇಲೆ, ಸರಿಯಾಗಿ ಹೆಸರಿನ ಪಕ್ಕದಲ್ಲಿ ಇಟ್ಟರು.

"ಉಳಿದದ್ದು ಇಟ್ಕೊಳ್ಳಿ" ಎಂದರು. "ಪುಣೆಗೆ ಬೇಕಾಗ್ತದೆ."

ಹೆಸರು ಕರೆದಾಗ ವೇದಿಕೆಗೆ ಹೋಗಿ ಕದಡಿದ ಪ್ರಮಾಣಪತ್ರ ತೆಗೆದುಕೊಂಡರು. ಜನ ಚಪ್ಪಾಳೆ ತಟ್ಟಿದರು, ಸಂಕರ್ಷಣರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮುಖ್ಯ ಅತಿಥಿಗೆ ಆರು ಹನ್ನೆರಡರ ಲೋಕಲ್ ಸಿಕ್ಕಿತು. "ಏ ಚನಿಯ, ಕುರ್ಚಿ" ಎಂದು ಯಾರೋ ಕೂಗಿದರು. ಚನಿಯಣ್ಣ ಹಿಂದಿನ ಬೆಂಚಿನಲ್ಲಿ ಕೂತು ಶೂ ಬಿಚ್ಚಿ, ಚೀಲಕ್ಕೆ ಹಾಕಿ, ಬರಿಗಾಲಲ್ಲಿ ಮೆಟ್ಟಿಲಿಳಿದು ಹೋದರು. ಕುರ್ಚಿ ಮುಟ್ಟಲಿಲ್ಲ. ಆಮೇಲೆ ಬಳಗಕ್ಕೆ ಬರಲೂ ಇಲ್ಲ. ಈಗ ನಮ್ಮ ಕಾಯಿಗಳನ್ನು ಯಾರೂ ಒರೆಸುವುದಿಲ್ಲ, ಎಲ್ಲ ಅಂಟಂಟು.

ಪುಣೆಗೆ ನಾನು ಹೋದೆ. ಕೋಣೆ ಚೆನ್ನಾಗಿತ್ತು, ಬೆಡ್‌ಶೀಟು ಬೆಳ್ಳಗಿತ್ತು, ಮೂರು ರಾತ್ರಿಯೂ ನಿದ್ದೆ ಬರಲಿಲ್ಲ. ಮೊದಲ ಸುತ್ತಿಗೇ ನನಗೆ ಬಿಳಿ ಬಂತು. ಎದುರಿಗೆ ಸೊಲ್ಲಾಪುರದ ಒಬ್ಬ ಮಾಸ್ತರು, ಪಾಪ, ಒಳ್ಳೆಯ ಮನುಷ್ಯ. ರಾಜನ ಮುಂದಿನ ಕಾಲಾಳು ಎರಡು ಮನೆ ತಳ್ಳಿದೆ, ಅವರೂ ತಳ್ಳಿದರು. ನನ್ನ ಕೈ ಒಂಟೆಯ ಮುಂದಿನ ಕಾಲಾಳಿನ ಮೇಲೆ, ಮುಟ್ಟದೆ, ಹೋಗಿ ನಿಂತಿತು. ಇಲ್ಲಿ ತಡೆಯುವವರು ಯಾರೂ ಇರಲಿಲ್ಲ. ತುಂಬ ಹೊತ್ತು ಕೈ ಅಲ್ಲೇ ಇತ್ತು, ಮಾಸ್ತರು ಒಮ್ಮೆ ಕೆಮ್ಮಿದರು. ಕುದುರೆ ತೆಗೆದು ಇಟ್ಟೆ.